ಓದಲು ಬಾರದವರ ಪತ್ರಿಕೆ

ಆಲುವದ ಆ ಶಾಲೆಯಲ್ಲಿ ಕುಸುಮಾವತಿ ಟೀಚರ್ ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿದರು. ಕೇರಳದ ನಡುಮಧ್ಯದಲ್ಲಿ ಕನ್ನಡ ಯಾಕೆ ಎಂದು ಕೇಳಿದವರಿಗೆಲ್ಲ ಅವರು ಒಂದೇ ಉತ್ತರ ಕೊಡುತ್ತಿದ್ದರು. ಮಂಗಳೂರು ಕಡೆಯ ಒಬ್ಬ ಮರದ ವ್ಯಾಪಾರಿ ಶಾಲೆಗೆ ಜಾಗ ಬಿಟ್ಟುಕೊಡುವಾಗ, ಮಕ್ಕಳು ಬರುವಷ್ಟು ಕಾಲ ಇಲ್ಲಿ ಕನ್ನಡ ಇರಬೇಕು ಎಂದು ಬರೆಸಿಕೊಂಡಿದ್ದ. ಮಕ್ಕಳು ಬರುತ್ತಿದ್ದರು. ಬ್ಯಾಂಕಿನವರ, ಕೇಂದ್ರ ಸರ್ಕಾರದ ಕಚೇರಿಗಳವರ ಮಕ್ಕಳು ಮೂರು ವರ್ಷಕ್ಕೊಮ್ಮೆ ಬಂದು, ಮೂರು ವರ್ಷಕ್ಕೊಮ್ಮೆ ಹೋಗುತ್ತಿದ್ದರು. ಬರಬರುತ್ತ ಆ ಅಪ್ಪ ಅಮ್ಮಂದಿರೇ, ಹಿಂದಿ ತಗೊಂಡರೆ ಮುಂದಿನ ಊರಿಗೂ ಆಗುತ್ತದೆ ಎಂದು ಲೆಕ್ಕ ಹಾಕತೊಡಗಿದರು. ಕೊನೆಗೆ ಉಳಿದದ್ದು ಋತ್ವಿಕ್, ಹರ್ಷಿತಾ ಎಂಬ ಅಣ್ಣ ತಂಗಿ. ಒಂದು ಏಪ್ರಿಲಿನಲ್ಲಿ ಅವರ ಅಪ್ಪನಿಗೆ ನಾಗಪುರಕ್ಕೆ ವರ್ಗವಾಯಿತು. ಜೂನಿನಲ್ಲಿ ಶಾಲೆ ತೆರೆದಾಗ ಟೀಚರ ಹಾಜರಿ ಪುಸ್ತಕದಲ್ಲಿ ಒಂದೂ ಹೆಸರಿರಲಿಲ್ಲ.

ಪ್ರಿನ್ಸಿಪಾಲ್ ರಾಜೀವ್ ಸಾರ್ ಒಳ್ಳೆಯ ಮನುಷ್ಯ. ಕೆಟ್ಟ ಸುದ್ದಿ ಹೇಳಬೇಕಾದಾಗಲೆಲ್ಲ ಎದುರಿಗಿರುವವರಿಗೆ ಚಹಾ ತರಿಸುತ್ತಿದ್ದರು. ಅವತ್ತು ಚಹಾದ ಜತೆ ಪಳಂಪೊರಿಯೂ ಬಂತು. ಬಾಳೆಹಣ್ಣಿನ ಆ ಬಿಸಿ ಬಜ್ಜಿ ಕಂಡಾಗಲೇ ವಿಷಯ ದೊಡ್ಡದು ಎಂದು ಟೀಚರಿಗೆ ಗೊತ್ತಾಯಿತು. ತಿರುವನಂತಪುರದಲ್ಲಿರುವ ಟ್ರಸ್ಟಿನ ಕೇಂದ್ರ ಕಚೇರಿ ಅವರನ್ನು ‘ಹೆಚ್ಚುವರಿ’ ಎಂದು ಘೋಷಿಸಿತ್ತು. ಕನ್ನಡಕ್ಕೆ ಹತ್ತು ಮಕ್ಕಳು ಬರುವ ತನಕ ಆ ಹುದ್ದೆ ಇಲ್ಲ. ಅಲ್ಲಿಯವರೆಗೆ ಬೇಕಾದರೆ, ಈ ವರ್ಷ ಹೊಸದಾಗಿ ಬಂದಿರುವ ಒಂದು ವಿಷಯವನ್ನು ಒಂಬತ್ತನೇ ತರಗತಿಗೆ ಕಲಿಸಬಹುದು. ವಿಷಯದ ಹೆಸರು ಮೀಡಿಯಾ ಸ್ಟಡೀಸ್. ಅದನ್ನು ಕಲಿಸಲು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಯಾರು ಬೇಕಾದರೂ ಕಲಿಸಬಹುದಾಗಿತ್ತು.

ಸಂಜೆ ಅವರು ಗಂಡನಿಗೆ ಹೇಳಿದರು. ಕಮಲಾಕ್ಷ ವಲ್ಲಾರ್ಪಾಡಂನ ಬಂದರಿನಲ್ಲಿ ಸುಂಕದ ಕಚೇರಿಯ ನೌಕರ. ಮುಚ್ಚಿದ ಕಂಟೇನರುಗಳ ಒಳಗೆ ಏನಿದೆ ಎಂಬುದನ್ನು ಕಾಗದದ ಮೇಲಷ್ಟೇ ಓದಿ ಮೂವತ್ತು ವರ್ಷ ಕಳೆದವರು.

“ನಿನ್ನ ಹತ್ತಿರ ಒಳ್ಳೆಯ ಫೋನೇ ಇಲ್ಲ. ಎಂತ ಮೀಡಿಯಾ ಕಲಿಸುವುದು ನೀನು?” ಎಂದರು.

“ಪುಸ್ತಕ ಉಂಟಂತೆ, ಅದರಲ್ಲಿ ಇದ್ದದ್ದನ್ನು ಕಲಿಸುವುದು” ಎಂದರು ಕುಸುಮಾವತಿ.

ಪುಸ್ತಕವೇನೋ ಇತ್ತು. ಮಕ್ಕಳು ಮನೆಯಿಂದ ಪತ್ರಿಕೆ ತರಲಿ, ಸುದ್ದಿಯ ಚಿತ್ರಗಳನ್ನು ನೋಡಿ ಚರ್ಚಿಸಲಿ ಎಂಬುದು ಅದರ ಮೊದಲ ಚಟುವಟಿಕೆ. ನಲವತ್ತೊಂದು ಮಕ್ಕಳಲ್ಲಿ ಏಳು ಜನ ಮಾತ್ರ ಪತ್ರಿಕೆ ತಂದರು. ಆ ಏಳು ಜನರೂ ಚಿತ್ರದ ಕೆಳಗೆ ಅಚ್ಚಾಗಿದ್ದ ಸಾಲನ್ನೇ ಎದ್ದು ನಿಂತು ಓದಿ ಕುಳಿತರು. ಚರ್ಚಿಸಲು ಏನೂ ಉಳಿಯಲಿಲ್ಲ. ಇನ್ನೂ ಅರ್ಧ ಗಂಟೆ ಬಾಕಿಯಿತ್ತು, ಹಿಂದಿನ ಬೆಂಚುಗಳಲ್ಲಿ ಗಲಾಟೆ ಶುರುವಾಯಿತು.

ಟೀಚರ ಚೀಲದಲ್ಲಿ ಕನ್ನಡ ಪತ್ರಿಕೆಗಳ ಒಂದು ಕಟ್ಟು ಇತ್ತು. ರೈಲು ನಿಲ್ದಾಣದ ಹತ್ತಿರ ಟಯರಿನ ಅಂಗಡಿ ಇಟ್ಟಿರುವ ಉಪ್ಪಳದ ಅಶ್ರಫ್, ಮಂಗಳೂರಿನಿಂದ ರೈಲಿನಲ್ಲಿ ತರಿಸುತ್ತಿದ್ದ ಪತ್ರಿಕೆಯನ್ನು ಓದಿ ಮುಗಿಸಿದ ಮೇಲೆ ವಾರಕ್ಕೊಮ್ಮೆ ಅವರಿಗೆ ಕೊಡುತ್ತಿದ್ದ. ಕೋಪಕ್ಕೋ ಬೇಸರಕ್ಕೋ, ಅವರು ಅದನ್ನೇ ಹರಿದು ಬೆಂಚಿಗೊಂದು ಹಾಳೆಯಂತೆ ಹಂಚಿದರು. ಅಕ್ಷರ ನೋಡಿ ಒಬ್ಬ ಜಿಲೇಬಿ ಎಂದ. ಈ ಮಾತನ್ನು ಇಪ್ಪತ್ತೆರಡು ವರ್ಷಗಳಿಂದ ಕೇಳುತ್ತ ಬಂದಿದ್ದ ಟೀಚರಿಗೆ ನಗುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಚಿತ್ರ ನೋಡಿ ಏನು ನಡೆದಿದೆ ಎಂದು ಮಲಯಾಳಂನಲ್ಲಿ ನಾಲ್ಕು ಸಾಲು ಬರೆಯಿರಿ ಎಂದರು.

ಒಂದು ಚಿತ್ರದಲ್ಲಿ ಖಾಕಿ ಅಂಗಿಯವನೊಬ್ಬ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ. ಕೊರಳಲ್ಲಿ ಹಾರ, ಸುತ್ತಲೂ ಜನ. ಬಸ್ಸು ಕಮರಿಗೆ ಬಿದ್ದರೂ ಬದುಕಿ ಬಂದ ಚಾಲಕ ಎಂದು ಒಬ್ಬಳು ಬರೆದಳು. ಮರೆತುಹೋದ ಚಿನ್ನವನ್ನು ಹಿಂದಿರುಗಿಸಿದ ಕಂಡಕ್ಟರ್ ಎಂದು ಇನ್ನೊಬ್ಬ ಬರೆದ. ಮೂರನೇ ಬೆಂಚಿನ ಆದರ್ಶ, ಓಣಂ ಬಂಪರ್ ಲಾಟರಿ ಹೊಡೆದಿದೆ ಎಂದು ಬರೆದು ಬಹುಮಾನದ ಮೊತ್ತವನ್ನೂ ಸೇರಿಸಿದ. ಎಲ್ಲರೂ ಓದಿದ ಮೇಲೆ ಟೀಚರ್ ನಿಜವಾದ ಸುದ್ದಿಯನ್ನು ಓದಿ ಹೇಳಿದರು: ಶಿರಾದ ಆಚೆಗಿನ ಒಂದು ಹಳ್ಳಿಗೆ ಮೊತ್ತಮೊದಲ ಬಾರಿಗೆ ಬಸ್ಸು ಬಂದಿತ್ತು.

ಬಸ್ಸು ಬಾರದ ಊರೊಂದು ಇರಬಹುದು ಎಂದು ನಲವತ್ತೊಂದು ಮಕ್ಕಳಲ್ಲಿ ಯಾರಿಗೂ ಹೊಳೆದಿರಲಿಲ್ಲ. ನಾವು ಚಿತ್ರದಲ್ಲಿ ನೋಡಿದ್ದು ನಮ್ಮ ಊರನ್ನೇ ಅಲ್ಲವಾ ಎಂದು ಟೀಚರ್ ಕೇಳಿದರು. ಗಂಟೆ ಹೊಡೆದರೂ ಮಕ್ಕಳು ಏಳಲಿಲ್ಲ. ಕನ್ನಡ ತರಗತಿಯಲ್ಲಿ ಇಂಥದ್ದು ಟೀಚರ ಅನುಭವಕ್ಕೆ ಒಮ್ಮೆಯೂ ಬಂದಿರಲಿಲ್ಲ. ಯಾರಿಗೂ ಓದಲು ಬಾರದು ಎಂಬ ಕಾರಣಕ್ಕೇ ಸತ್ತಿದ್ದ ಭಾಷೆ, ಅದೇ ಕಾರಣಕ್ಕೆ ಈಗ ಉಪಯೋಗಕ್ಕೆ ಬಂದಿತ್ತು.

ಆಮೇಲೆ ಟೀಚರಿಗೆ ಹುಚ್ಚೇ ಹಿಡಿಯಿತು. ಒಂದೇ ಚಿತ್ರವನ್ನು ನಾಲ್ಕು ಗುಂಪುಗಳಿಗೆ ಕೊಟ್ಟು, ಒಬ್ಬರು ಪೊಲೀಸರ ಪರವಾಗಿ, ಒಬ್ಬರು ಅಂಗಡಿಯವನ ಪರವಾಗಿ, ಒಬ್ಬರು ದೂರದಿಂದ ನೋಡಿದ ಹೆಂಗಸಾಗಿ, ಇನ್ನೊಬ್ಬರು ಏನನ್ನೂ ನೋಡದೆ ಕೇಳಿದ್ದನ್ನಷ್ಟೇ ನಂಬಿದವರಾಗಿ ಬರೆಯಿರಿ ಎನ್ನುತ್ತಿದ್ದರು. ಚಿತ್ರದ ಅರ್ಧವನ್ನು ಕತ್ತರಿಸಿ ಕೊಟ್ಟು, ಉಳಿದರ್ಧವನ್ನು ಮರುದಿನ ತೋರಿಸುತ್ತಿದ್ದರು. ಮನೆಯಲ್ಲಿ ಕಮಲಾಕ್ಷ ವಾರ್ತೆ ನೋಡುವಾಗ ರಟ್ಟಿನ ತುಂಡೊಂದನ್ನು ಟಿವಿಗೆ ಅಡ್ಡ ಹಿಡಿದು, ಈಗ ಎಷ್ಟು ಜನ ಇದ್ದ ಹಾಗೆ ಕಾಣುತ್ತದೆ ಎಂದು ಕೇಳುತ್ತಿದ್ದರು. ಕಮಲಾಕ್ಷ ಎದ್ದು ಒಳಗೆ ಹೋಗುತ್ತಿದ್ದರು.

ಆಗಸ್ಟಿನ ಒಂದು ದಿನ, ಹೆಚ್ಚು ಮಾತಾಡದ ಅಪರ್ಣಾ ಎಂಬ ಹುಡುಗಿ ಎದ್ದು ನಿಂತಳು. ಅವಳ ದನಿಯಲ್ಲಿ ಉದ್ಧಟತನವೇನೂ ಇರಲಿಲ್ಲ, ಸುಮ್ಮನೆ ಸಂಶಯ.

“ಟೀಚರ್ ಓದಿ ಹೇಳುವುದು ನಿಜ ಎಂದು ನಮಗೆ ಹೇಗೆ ಗೊತ್ತಾಗುವುದು?”

ಹಿಂದಿನ ವಾರ ಟೀಚರ್ ನಿಜವಾಗಿಯೂ ಸುಳ್ಳು ಹೇಳಿದ್ದರು. ಕೆರೆಯ ದಂಡೆಯ ಮೇಲೆ ಮೂರು ಜೊತೆ ಚಪ್ಪಲಿ ಬಿಟ್ಟಿದ್ದ ಚಿತ್ರ ಅದು. ಮಕ್ಕಳು ಈಜಾಟ, ಪಿಕ್‌ನಿಕ್, ಮೀನು ಎಂದೆಲ್ಲ ನಗುನಗುತ್ತ ಬರೆದಿದ್ದರು. ಅವರ ನಗು ಕೆಡಿಸಲು ಮನಸ್ಸು ಬಾರದೆ ಟೀಚರ್, ಹೌದು, ಈಜಿನ ಸ್ಪರ್ಧೆ ಎಂದುಬಿಟ್ಟಿದ್ದರು. ಸುಳ್ಳು ಸುದ್ದಿಯನ್ನು ಗುರುತಿಸುವುದು ಹೇಗೆ ಎಂಬುದು ಆ ದಿನದ ಪಾಠವಾಗಿತ್ತು.

ಈಗ ಅವರು, ಗೊತ್ತಾಗುವುದಿಲ್ಲ, ನಾನು ಒಂದು ಸಲ ಸುಳ್ಳು ಹೇಳಿದ್ದೇನೆ ಎಂದರು. ಯಾವುದು ಎಂದು ಮಕ್ಕಳು ಕೇಳಿದರು. ಟೀಚರ್ ಹೇಳಲಿಲ್ಲ. ಅದುವರೆಗಿನ ಎಲ್ಲ ಚಿತ್ರಗಳನ್ನೂ ಅಕ್ಷರಗಳ ಸಮೇತ ಗೋಡೆಗೆ ಅಂಟಿಸಿದರು. ಓದಲು ಕಲಿತರೆ ನೀವೇ ಕಂಡುಕೊಳ್ಳಬಹುದು ಎಂದರು.

ಮರುದಿನ ಮಧ್ಯಾಹ್ನದ ಊಟದ ಹೊತ್ತಿಗೆ ಆರು ಜನ ಅ ಆ ಕಲಿಯಲು ಬಂದರು. ಕನ್ನಡದ ಮೇಲಿನ ಪ್ರೀತಿ ಅವರನ್ನು ಕರೆತಂದಿರಲಿಲ್ಲ. ಟೀಚರನ್ನು ಹಿಡಿದು ಹಾಕಬೇಕೆಂಬ ಛಲ ಕರೆತಂದಿತ್ತು. ಅದು ಪ್ರೀತಿಗಿಂತ ಚೆನ್ನಾಗಿ ಕೆಲಸ ಮಾಡಿತು. ಓಣಂ ರಜೆ ಮುಗಿಯುವುದರೊಳಗೆ ಕಾಗುಣಿತ ಮುಗಿದಿತ್ತು.

ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ಅಪರ್ಣಾ ಗೋಡೆಯ ಎದುರು ಬಹಳ ಹೊತ್ತು ನಿಂತಿದ್ದಳು. ವಿದ್ಯಾರ್ಥಿ ಎಂಬ ಪದ ಎರಡೂ ಭಾಷೆಗೆ ಒಂದೇ. ಅದರ ಹಿಂದಿನ ಪದ, ಮುಂದಿನ ಪದ, ಒಂದೊಂದೇ ಅಕ್ಷರ ಕೂಡಿಸಿ ಸಾಲಿನ ಕೊನೆಗೆ ಬಂದಾಗ ಬೆರಳು ನಿಂತಿತು. ಸಾವು. ಮಲಯಾಳಂನಲ್ಲೂ ಅದು ತುಂಬಾ ದೂರದ ಪದವಲ್ಲ. ಅವಳು ಯಾರನ್ನೂ ಕೂಗಲಿಲ್ಲ. ಟೀಚರ ಹತ್ತಿರ ಬಂದು, ಮೂರು ಜನ ಅಲ್ಲವಾ ಎಂದು ಮೆಲ್ಲಗೆ ಕೇಳಿದಳು. ಟೀಚರ್ ತಲೆಯಾಡಿಸಿದರು. ಯಾಕೆ ಹೇಳಲಿಲ್ಲ ಎಂದು ಅವಳು ಕೇಳಲಿಲ್ಲ. ಉಳಿದವರಿಗೆ ಹೇಳಬೇಕೋ ಬೇಡವೋ ಎಂದು ಕೇಳಿದಳು. ಅದನ್ನು ನೀನೇ ತೀರ್ಮಾನಿಸು ಎಂದರು ಟೀಚರ್. ಅವಳು ಎರಡು ದಿನ ಯೋಚಿಸಿ ತರಗತಿಗೆ ಹೇಳಿದಳು. ಆ ಪೀರಿಯಡ್ಡಿನಲ್ಲಿ ಯಾರೂ ಏನನ್ನೂ ಬರೆಯಲಿಲ್ಲ.

ಅಷ್ಟರಲ್ಲಿ ರಾಜೀವ್ ಸಾರ್ ಈ ಪಾಠಗಳ ಬಗ್ಗೆ ಟ್ರಸ್ಟಿಗೆ ಒಂದು ವರದಿ ಕಳಿಸಿದ್ದರು. ಅದನ್ನು ಓದಿ ತಿರುವನಂತಪುರದಿಂದ ಒಬ್ಬ ಕನ್ಸಲ್ಟೆಂಟ್ ಬಂದ. ಹೆಸರು ಗುರುಕಿರಣ್, ವಯಸ್ಸು ಮೂವತ್ತರ ಆಸುಪಾಸು, ಅಲ್ಲಿನ ಐಟಿ ಪಾರ್ಕಿನಲ್ಲಿ ಶಾಲೆಗಳಿಗೆ ಪಾಠಕ್ರಮ ಮಾಡಿಕೊಡುವ ಕಂಪನಿಯವನು. ಹುಟ್ಟಿ ಬೆಳೆದದ್ದು ಬೆಂಗಳೂರಿನ ಬಸವನಗುಡಿಯಲ್ಲಿ. ಅವನ ಬಾಯಲ್ಲಿ ಕನ್ನಡ ಕೇಳಿ ಟೀಚರಿಗೆ ಎಷ್ಟು ಖುಷಿಯಾಯಿತೆಂದರೆ, ತಮ್ಮ ಊಟದ ಡಬ್ಬಿಯನ್ನೇ ಅವನ ಮುಂದಿಟ್ಟರು. ಗೋಡೆಯ ಮೇಲಿನ ಒಂದು ಚಿತ್ರ ತೋರಿಸಿ, ಇದರ ಕೆಳಗಿನದ್ದು ಓದಿ ನೋಡಿ, ಬಹಳ ತಮಾಷೆ ಉಂಟು ಎಂದರು.

“ಅಯ್ಯೋ, ಮಾತಾಡ್ತೀನಿ ಮೇಡಂ, ಓದೋಕೆ ಬರಲ್ಲ. ಸ್ಕೂಲಲ್ಲಿ ಥರ್ಡ್ ಲ್ಯಾಂಗ್ವೇಜು, ಹೆಂಗೋ ಬಾಯಿಪಾಠ ಹೊಡೆದು ಪಾಸಾದೆ.”

ಅವನಿಗೆ ನಾಚಿಕೆಯೇನೂ ಆಗಲಿಲ್ಲ. ಬದಲಿಗೆ ಏನೋ ಹೊಳೆದವನಂತೆ ಟಿಪ್ಪಣಿ ಪುಸ್ತಕ ತೆಗೆದು ಬರೆದುಕೊಂಡ.

ಅವನು ಬರೆದುಕೊಂಡದ್ದೇನು ಎಂಬುದು ನವೆಂಬರಿನಲ್ಲಿ ತಿಳಿಯಿತು. ಟ್ರಸ್ಟಿನ ಎಲ್ಲ ಶಾಲೆಗಳ ಟೀಚರುಗಳಿಗೆ ತಿರುವನಂತಪುರದಲ್ಲಿ ತರಬೇತಿ. ಕುಸುಮಾವತಿ ರೇಷ್ಮೆ ಸೀರೆ ಉಟ್ಟು ಬೆಳಗಿನ ರೈಲಿನಲ್ಲಿ ರಾಜೀವ್ ಸಾರ್ ಜತೆ ಹೋದರು. ನಾಲ್ಕು ಮಾತು ಹೇಳಬೇಕಾಗಿ ಬಂದರೆ ಇರಲಿ ಎಂದು ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಒಂದು ಭಾಷಣ ಬರೆದುಕೊಂಡಿದ್ದರು. ಸಭಾಂಗಣದ ಪರದೆಯ ಮೇಲೆ ‘ಝೀರೋ ಸ್ಕ್ರಿಪ್ಟ್ ಮೆಥಡ್’ ಎಂದಿತ್ತು. ಗುರುಕಿರಣ್ ವೇದಿಕೆಯ ಮೇಲಿಂದ ವಿವರಿಸಿದ: ಈ ಪದ್ಧತಿಯ ಜೀವಾಳವೇ ಅಜ್ಞಾನ. ಮಕ್ಕಳಿಗೆ ಲಿಪಿ ಗೊತ್ತಿರಬಾರದು. ಟೀಚರಿಗೆ ಗೊತ್ತಿದ್ದರೆ ಅವರ ಮುಖಭಾವದಲ್ಲಿ ಉತ್ತರ ಕಂಡುಬಿಡುತ್ತದೆ, ಆದ್ದರಿಂದ ಅವರಿಗೂ ಗೊತ್ತಿರಬಾರದು. ಉತ್ತರದ ಪಟ್ಟಿಯನ್ನು ಫೋನಿನ ಅನುವಾದದ ಆ್ಯಪ್ ಬಳಸಿ ಕಂಪನಿಯೇ ತಯಾರಿಸಿದೆ. ನಂತರ ಅವನು, ಇಲ್ಲಿ ಕನ್ನಡ ಓದಲು ಬರುವವರು ಯಾರಾದರೂ ಇದ್ದೀರಾ ಎಂದು ಕೇಳಿದ.

ಅರವತ್ತು ಜನರಲ್ಲಿ ಒಂದು ಕೈ ಮೇಲೆದ್ದಿತು. ಅವರನ್ನು ಬಹಳ ಮರ್ಯಾದೆಯಿಂದ ಹಿಂದಿನ ಸಾಲಿಗೆ, ಚಹಾದ ಫ್ಲಾಸ್ಕುಗಳಿದ್ದ ಮೇಜಿನ ಪಕ್ಕಕ್ಕೆ ವೀಕ್ಷಕರಾಗಿ ಕಳಿಸಲಾಯಿತು.

ಪತ್ರಿಕೆಗಳನ್ನು ಹಂಚಿದರು. ಅವು ಚಾಲೈ ಮಾರುಕಟ್ಟೆಯಿಂದ ಬಂದವು. ಕರ್ನಾಟಕದಿಂದ ಹೂವು, ವೀಳ್ಯದೆಲೆ ಸುತ್ತಿಕೊಂಡು ಬರುವ ಹಳೆಯ ಕಾಗದವನ್ನು ಅಲ್ಲಿ ಕಿಲೋ ಲೆಕ್ಕದಲ್ಲಿ ಕೊಂಡಿದ್ದರು. ಸಭಾಂಗಣಕ್ಕೆಲ್ಲ ಸೇವಂತಿಗೆಯ ವಾಸನೆ. ಕುಸುಮಾವತಿ ಪಕ್ಕದ ಟೀಚರ ಕೈಯಲ್ಲಿದ್ದ ಹಾಳೆಯತ್ತ ಬಗ್ಗಿ ನೋಡಿದರೆ, ಅಕ್ಷರಗಳ ತಲೆಕಟ್ಟು ಬೇರೆಯೇ ಇತ್ತು. ಅದು ತೆಲುಗು. ಆ ಸಾಲಿನಲ್ಲಿ ಮೂವರಿಗೆ ತೆಲುಗು ಹಾಳೆಯೇ ಸಿಕ್ಕಿತ್ತು. ಚಹಾದ ಬಿಡುವಿನಲ್ಲಿ ಅವರು ಗುರುಕಿರಣನಿಗೆ ಇದನ್ನು ಹೇಳಿದರು.

“ಅದೇ ಅಲ್ವಾ ಮೇಡಂ ಪಾಯಿಂಟು? ಯಾರಿಗೂ ಗೊತ್ತಾಗಲ್ಲ” ಎಂದ ಅವನು ಸಂತೋಷದಿಂದ.

ಮಧ್ಯಾಹ್ನ ಉತ್ತರದ ಪಟ್ಟಿ ಓದಿದರು. ಕುಸುಮಾವತಿಯವರದೇ ಆ ಬಸ್ಸಿನ ಚಿತ್ರ ಪರದೆಯ ಮೇಲೆ ಬಂತು. ಮೂವತ್ತು ವರ್ಷ ಒಂದೂ ಅಪಘಾತ ಮಾಡದೆ ನಿವೃತ್ತನಾದ ಚಾಲಕನಿಗೆ ಬೀಳ್ಕೊಡುಗೆ ಎಂದಿತು ಪಟ್ಟಿ. ಸಭಾಂಗಣ ಕರಗಿಹೋಯಿತು, ಚಪ್ಪಾಳೆ ಬಿತ್ತು. ಹಾಗಲ್ಲ, ಅದು ಊರಿಗೆ ಮೊದಲ ಬಸ್ಸು ಬಂದದ್ದು ಎಂದು ಕುಸುಮಾವತಿ ಪಕ್ಕದವರಿಗೆ ಹೇಳಿದರು. ಆ ಟೀಚರ್ ಚಪ್ಪಾಳೆ ನಿಲ್ಲಿಸದೆ, ಇರಬಹುದು, ಆದರೆ ಇದೇ ಚೆನ್ನಾಗಿದೆಯಲ್ಲ ಎಂದರು. ಭಾಷಣದ ಕಾಗದ ಪರ್ಸಿನಲ್ಲೇ ಉಳಿಯಿತು. ರೈಲಿನಲ್ಲಿ ವಾಪಸು ಬರುವಾಗ ರಾಜೀವ್ ಸಾರ್ ಕೊಲ್ಲಂನಲ್ಲಿ ಒಂದು, ಕೋಟ್ಟಯಂನಲ್ಲಿ ಒಂದು ಚಹಾ ಕೊಡಿಸಿದರು.

ಮುಂದಿನ ವಾರ ಸುತ್ತೋಲೆ ಬಂತು. ಲಿಪಿ ಬಲ್ಲ ಶಿಕ್ಷಕರು ಮೀಡಿಯಾ ಸ್ಟಡೀಸ್ ತೆಗೆದುಕೊಳ್ಳುವಂತಿಲ್ಲ. ಲಿಪಿ ಬಲ್ಲ ವಿದ್ಯಾರ್ಥಿಗಳಿಗೂ ವಿನಾಯಿತಿ, ಅವರು ಆ ಪೀರಿಯಡ್ಡಿನಲ್ಲಿ ಲೈಬ್ರರಿಗೆ ಹೋಗಬಹುದು, ಪ್ರಾಜೆಕ್ಟ್ ಬರೆಯಬೇಕಾಗಿಲ್ಲ. ತರಗತಿಯನ್ನು ಆಟದ ಮೇಷ್ಟ್ರು ವಹಿಸಿಕೊಂಡರು. ಅವರಿಗೆ ಎಲ್ಲ ಅರ್ಹತೆಗಳೂ ಇದ್ದವು.

ಕುಸುಮಾವತಿ ಲೈಬ್ರರಿಯಲ್ಲಿ ಆರು ಮಕ್ಕಳ ಜತೆ ಕುಳಿತರು. ಮನೆಯಲ್ಲಿ ಎರಡು ದಿನ ಊಟ ಸೇರಲಿಲ್ಲ. ಸುಂಕದವರ ಮಾತು ಎಂದು ಕಮಲಾಕ್ಷ ಸಮಾಧಾನ ಹೇಳಿದರು: “ಪೆಟ್ಟಿಗೆಯ ಒಳಗೆ ಎಂತ ಉಂಟು ಅಂತ ಗೊತ್ತಿದ್ದವನನ್ನು ಯಾವ ಬಂದರಿನಲ್ಲಿಯೂ ಇಟ್ಟುಕೊಳ್ಳುವುದಿಲ್ಲ ಮಾರಾಯ್ತಿ.”

ಆದರೆ ಸುತ್ತೋಲೆಯನ್ನು ಮಕ್ಕಳೂ ಓದಿದ್ದರು, ಅದರಲ್ಲೂ ಕೊನೆಯ ಸಾಲನ್ನು. ಜನವರಿಯಲ್ಲಿ ಆದರ್ಶ ಬಂದ. ಅವನ ಹಿಂದೆ ಇನ್ನಿಬ್ಬರು. ಫೆಬ್ರವರಿಯ ಹೊತ್ತಿಗೆ ಹನ್ನೊಂದು ಮಕ್ಕಳು. ರಾಜೀವ್ ಸಾರ್ ಎರಡು ಸಲ ಎಣಿಸಿ ನೋಡಿ, ಚಹಾ ತರಿಸದೆಯೇ ಟೀಚರನ್ನು ಕರೆದರು. ಹತ್ತು ದಾಟಿತ್ತು, ನಿಯಮದ ಪ್ರಕಾರ ಕನ್ನಡದ ಹುದ್ದೆ ಮತ್ತೆ ಜೀವ ಪಡೆಯಿತು. ಟ್ರಸ್ಟಿನಿಂದ ಒಂದೇ ಸಾಲಿನ ಆದೇಶ ಬಂತು. ಯಾಕೆ, ಹೇಗೆ ಎಂದು ಅಲ್ಲಿ ಯಾರೂ ಕೇಳಲಿಲ್ಲ.

ಹೊಸ ಹಾಜರಿ ಪುಸ್ತಕ ಹಿಡಿದು ಹೋದ ದಿನ, ಕನ್ನಡ ಯಾಕೆ ಕಲಿಯಬೇಕು ಅನಿಸಿತು ಎಂದು ಟೀಚರ್ ಆದರ್ಶನನ್ನು ಕೇಳಿದರು. ಅವನು ಪ್ರಾಮಾಣಿಕ ಹುಡುಗ, ಪ್ರಾಜೆಕ್ಟ್ ಇಲ್ಲವಲ್ಲ ಟೀಚರ್ ಎಂದ. ಅವರು ಅವನ ಹೆಸರಿನ ಮುಂದೆ ಹಾಜರಿ ಹಾಕಿ, ಬೋರ್ಡಿನ ಮೇಲೆ ಒತ್ತಕ್ಷರಗಳನ್ನು ಬರೆಯತೊಡಗಿದರು.

ಪಕ್ಕದ ಕೋಣೆಯಲ್ಲಿ ಮೀಡಿಯಾ ಸ್ಟಡೀಸ್ ನಡೆಯುತ್ತಿತ್ತು. ಆಟದ ಮೇಷ್ಟ್ರು ಪಟ್ಟಿ ನೋಡಿ ಯಾವುದೋ ಚಿತ್ರದ ಉತ್ತರವನ್ನು ಗಟ್ಟಿಯಾಗಿ ಓದಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಅಪರ್ಣಾ ಕಿವಿಗೊಟ್ಟು ಕೇಳಿದಳು. ಆ ಚಿತ್ರ ಅವಳು ಓದಿದ್ದೇ ಆಗಿತ್ತು. ಅದು ತಪ್ಪು ಟೀಚರ್, ಹೋಗಿ ಹೇಳಿ ಬರಲಾ ಎಂದು ಎದ್ದು ನಿಂತಳು.

ಮೊದಲು ಈ ಸಾಲು ಬರೆದು ಮುಗಿಸು, ಆಮೇಲೆ ಹೋಗು ಎಂದರು ಕುಸುಮಾವತಿ.