ಹಿಮ್ಮಡಿಯ ಸೀಮೆಸುಣ್ಣ

ಪ್ರತಿ ಶನಿವಾರ ಸೂರ್ಯನಿಗೂ ನಮ್ಮ ಪಾಯಪ್ಪ ಮಾಸ್ಟ್ರಿಗೂ ಪಂದ್ಯ. ಬೆಳ್ತಂಗಡಿಯ ಶಾಲೆಯಲ್ಲಿ ಅರ್ಧ ದಿನದ ಪಾಠ ಮುಗಿಸಿ, ಮಕ್ಕಳ ಲೆಕ್ಕದ ಪುಸ್ತಕಗಳನ್ನು ಒಂದೂ ಬಿಡದೆ ತಿದ್ದಿ, ಕಚ್ಚೆ ಬಿಗಿದು ಅವರು ಸೈಕಲ್ ಹತ್ತುವಾಗ ಮೂರು ಗಂಟೆ ದಾಟಿರುತ್ತಿತ್ತು. ಮನೆ ಇದ್ದದ್ದು ಮೂಡುಬಿದಿರೆಯಲ್ಲಿ, ಸಾವಿರ ಕಂಬದ ಬಸದಿಯ ಹತ್ತಿರದ ಓಣಿಯಲ್ಲಿ. ಜೈನರಾದ ಅವರು ಹೊತ್ತು ಮುಳುಗಿದ ಮೇಲೆ ಒಂದು ತುತ್ತೂ ಮುಟ್ಟುವವರಲ್ಲ. ಗುರುವಾಯನಕೆರೆ, ವೇಣೂರು ದಾಟಿ, ದಾರಿಯ ಏರುಗಳನ್ನೆಲ್ಲ ತುಳಿದು, ಬೆಳಕಿರುವಾಗಲೇ ಊಟದ ಬಟ್ಟಲಿನ ಮುಂದೆ ಕೂರಬೇಕು. ತಪ್ಪಿದರೆ ಮರುದಿನ ಬೆಳಗಿನವರೆಗೆ ಉಪವಾಸ. ವೇಣೂರಿನಲ್ಲಿ ಅವರು ಗೊಮ್ಮಟನ ಕಡೆಗೆ ಒಂದು ಕೈ ಎತ್ತಿ ಮುಂದೆ ಹೋಗುವುದನ್ನು ನೋಡಿ ಅಲ್ಲಿಯ ಅಂಗಡಿಯವನೊಬ್ಬ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದನಂತೆ. ಇದನ್ನು ಹೇಳಿದವರು ಮಾಸ್ಟ್ರಲ್ಲ, ಅಂಗಡಿಯವನೇ.

ಐವತ್ತರ ದಶಕದ ನಡುವಿನಲ್ಲಿ ನಾನು ಆ ಶಾಲೆಗೆ ಕನ್ನಡ ಮಾಸ್ಟ್ರಾಗಿ ಸೇರಿದಾಗ ನನಗೆ ಇಪ್ಪತ್ತಮೂರು, ಅವರಿಗೆ ನಲವತ್ತೈದು. ಎತ್ತರದ, ಒಣಕಲು ಮೈ. ಕಾಲಿಗೆ ಟಯರಿನ ಕಪ್ಪು ಚಪ್ಪಲಿ, ಏಕೆಂದರೆ ಚರ್ಮ ಮೆಟ್ಟುವುದಿಲ್ಲ. ಸೈಕಲಿನ ಹ್ಯಾಂಡಲಿಗೆ ಒಂದು ಚೀಲ. ಅದರಲ್ಲಿ ಹಿತ್ತಾಳೆಯ ಚೆಂಬು ಮತ್ತು ಮಡಿಸಿದ ಬಿಳಿ ಬಟ್ಟೆ. ದಾರಿಯಲ್ಲಿ ಬಾಯಾರಿದರೆ ನಾನು ತೊರೆಗೆ ಬಾಯಿ ಹಚ್ಚುತ್ತಿದ್ದೆ. ಅವರು ಬಟ್ಟೆ ಹಿಡಿದು ನೀರು ಸೋಸಿ, ಬಟ್ಟೆಯಲ್ಲಿ ಉಳಿದದ್ದನ್ನು ಮತ್ತೆ ತೊರೆಗೇ ಬಿಟ್ಟು, ಆಮೇಲೆ ಕುಡಿಯುತ್ತಿದ್ದರು. ಅಷ್ಟರಲ್ಲಿ ನನಗೆ ಇನ್ನೊಮ್ಮೆ ಬಾಯಾರಿರುತ್ತಿತ್ತು.

ನನಗೆ ಸೈಕಲಿನ ಹುಚ್ಚು ಹಿಡಿಸಿದವರು ಅವರೇ. ಗಡಾಯಿಕಲ್ಲಿನ ಬುಡ, ಬಂಟ್ವಾಳದ ಹಳೆಯ ಪೇಟೆ, ಕಾರ್ಕಳ, ಹೀಗೆ ರಜೆ ಬಂದಾಗಲೆಲ್ಲ ಒಂದೊಂದು ಊರು ತೋರಿಸಿದರು. ಶುಕ್ರವಾರ ಸಂಜೆ ಮಾತ್ರ ಸೈಕಲಿಗೆ ವಿಶ್ರಾಂತಿ. ಅಂದು ಸೀಮೆಎಣ್ಣೆಯಲ್ಲಿ ಚೈನು ತೊಳೆದು, ಒರಸಿ, ಎಣ್ಣೆ ಬಿಡಬೇಕು. "ಚೈನು ನೋಡಿಕೊಂಡವನಿಗೆ ಏರು ಹೆದರ್ತದೆ ಮಾರಾಯ್ರೆ," ಎನ್ನುತ್ತಿದ್ದರು. ನನ್ನ ಚೈನಿನ ವಿಚಾರ ಕೇಳಿದರೆ ನಾನು ಯಾವಾಗಲೂ "ಆಯ್ತು ಮಾಸ್ಟ್ರೇ" ಎನ್ನುತ್ತಿದ್ದೆ. ಹತ್ತರಲ್ಲಿ ಏಳು ಸಲ ಅದು ಸುಳ್ಳು.

ಅವರಿಗಿದ್ದದ್ದು ಒಂದೇ ಹಟ. ಉಜಿರೆ ದಾಟಿ ಪೂರ್ವಕ್ಕೆ ಹೋದರೆ ಚಾರ್ಮಾಡಿ. ಅಲ್ಲಿಂದ ರಸ್ತೆ ಸುತ್ತಿ ಸುತ್ತಿ ಘಟ್ಟ ಏರಿ ಕೊಟ್ಟಿಗೆಹಾರಕ್ಕೆ ಮುಟ್ಟುತ್ತದೆ. ಬಸ್ಸೇ ನಡುದಾರಿಯಲ್ಲಿ ನಿಂತು ನೀರು ಕುಡಿಯುವ ಏರು ಅದು. ಗೇರಿಲ್ಲದ ಸೈಕಲಿನಲ್ಲಿ, ಒಮ್ಮೆಯೂ ನೆಲಕ್ಕೆ ಕಾಲು ಊರದೆ ಅದನ್ನು ಹತ್ತಬೇಕೆಂದು ಮಾಸ್ಟ್ರು ಹೊರಟಿದ್ದರು. ಎರಡು ವರ್ಷ ಪ್ರಯತ್ನಿಸಿ ಅರ್ಧದಲ್ಲೇ ಕಾಲು ಊರಿ ಬಂದಿದ್ದರು. ಊರಿಗೆಲ್ಲ ಸುದ್ದಿ ಹಬ್ಬಿ, "ಮೇಲೆ ಮುಟ್ಟಿದರೂ ಸಾಕ್ಷಿ ಯಾರು?" ಎಂದು ಹೋಟೆಲಿನಲ್ಲಿ ಕೀಟಲೆ ಮಾಡುತ್ತಿದ್ದರು.

ಅದಕ್ಕೆ ಲೆಕ್ಕದ ಮಾಸ್ಟ್ರು ಒಂದು ಉಪಾಯ ಹುಡುಕಿದರು. ಘಟ್ಟದ ಬುಡದ ಮೋರಿಕಟ್ಟೆಯ ಮೇಲೆ ಕೂತು, ಶಾಲೆಯ ಸೀಮೆಸುಣ್ಣವನ್ನು ಚಪ್ಪಲಿಯ ಹಿಮ್ಮಡಿಯ ಅಡಿಗೆ ದಪ್ಪವಾಗಿ ಉಜ್ಜುವುದು. ಕಟ್ಟೆಯಿಂದಲೇ ಸೈಕಲ್ ಏರುವುದು. "ತುಳಿಯುವುದು ಮುಂಗಾಲಿನಲ್ಲಿ. ಹಿಮ್ಮಡಿಗೆ ಕೆಲಸ ಇಲ್ಲ. ಮೇಲೆ ಮುಟ್ಟುವಾಗಲೂ ಅದು ಬಿಳಿ ಇದ್ದರೆ ಉತ್ತರ ಸರಿ," ಎಂದರು.

"ತುದಿಗಾಲು ಊರಿದರೆ ಮಾಸ್ಟ್ರೇ?" ಎಂದು ನಾನು ಕೊಂಕು ತೆಗೆದೆ.

"ಅದು ನನಗೆ ಗೊತ್ತಾಗ್ತದಲ್ಲ ಭಟ್ರೇ!"

ಡಿಸೆಂಬರಿನ ರಜೆಯಲ್ಲಿ ಮೂರನೆಯ ಪ್ರಯತ್ನಕ್ಕೆ ಹೊರಟಾಗ ನಾನೂ ಜೊತೆಗಿದ್ದೆ. ನನಗೆ ಕಾಲು ಊರುವ ಸ್ವಾತಂತ್ರ್ಯವಿತ್ತು, ಅದನ್ನು ಧಾರಾಳವಾಗಿ ಬಳಸಿಕೊಂಡೆ. ಮಾಸ್ಟ್ರು ಮಾತ್ರ ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಓಲಾಡುತ್ತ, ಒಂದೊಂದೇ ತಿರುವು ಹತ್ತಿದರು. ಅಂಗಿ ಬೆನ್ನಿಗೆ ಅಂಟಿತ್ತು. ಕೊನೆಗೆ ಉಳಿದದ್ದು ಎರಡೇ ತಿರುವು. ಅವರ ಗೆಲುವನ್ನು ಹತ್ತಿರದಿಂದ ನೋಡಬೇಕೆಂದು ನಾನು ಎದ್ದು ನಿಂತು ಜೋರಾಗಿ ತುಳಿದೆ. ತಿಂಗಳಿಂದ ಎಣ್ಣೆ ಕಾಣದ ಚೈನು ಪಟಕ್ಕನೆ ಕಳಚಿತು. ಸೈಕಲ್ ಸಮೇತ ಚರಂಡಿಗೆ ಬಿದ್ದೆ, ಪಾದ ಉಳುಕಿ ಕಿರುಚಿದೆ.

ಕಣ್ಣು ಬಿಟ್ಟು ನೋಡಿದರೆ ಮಾಸ್ಟ್ರು ನನ್ನ ಪಕ್ಕದಲ್ಲಿದ್ದರು. ತಮ್ಮ ಸೈಕಲನ್ನು ರಸ್ತೆಯಲ್ಲೇ ಬಿಟ್ಟು ಓಡಿ ಬಂದಿದ್ದರು. ನೀರು ಸೋಸುವ ಆ ಬಿಳಿ ಬಟ್ಟೆಯನ್ನು ಹರಿದು ನನ್ನ ಕಾಲಿಗೆ ಕಟ್ಟಿದರು. ಡೊಂಕಾದ ನನ್ನ ಸೈಕಲನ್ನು ಒಂದು ಬಂಡೆಗೆ ಒರಗಿಸಿ, ನನ್ನನ್ನು ತಮ್ಮ ಸೈಕಲಿನ ಮೇಲೆ ಕೂರಿಸಿ, ಆ ಎರಡೂ ತಿರುವು ದೂಡಿಕೊಂಡೇ ಹತ್ತಿದರು. ಕಳಚಿ ನೇತಾಡುತ್ತಿದ್ದ ಚೈನನ್ನು ಅವರು ನೋಡಿದ್ದರು. ಅದರ ಬಗ್ಗೆ ಅಂದು ಒಂದು ಮಾತೂ ಆಡಲಿಲ್ಲ, ಮುಂದೆಂದೂ ಆಡಲಿಲ್ಲ.

ಕೊಟ್ಟಿಗೆಹಾರದ ಹೋಟೆಲು ಮುಟ್ಟುವಾಗ ಹೊತ್ತು ಮುಳುಗಿಯಾಗಿತ್ತು. ಬೆಳಗಿನಿಂದ ಘಟ್ಟ ತುಳಿದ ಮನುಷ್ಯ ಬರಿಹೊಟ್ಟೆಯಲ್ಲಿ ಎದುರು ಕೂತು, "ನೀವು ತಿನ್ನಿ ಭಟ್ರೇ, ನೋವಿಗೆ ಹಸಿವು ಜಾಸ್ತಿ," ಎಂದು ನನಗೆ ದೋಸೆ ತರಿಸಿದರು. ತಿಂದೆ. ಆಮೇಲೆ ಜೇಬಿನಿಂದ ಸೀಮೆಸುಣ್ಣ ತೆಗೆದು ಮೆಲ್ಲಗೆ ಹೇಳಿದೆ: "ಮಾಸ್ಟ್ರೇ, ನಾನು ಬೀಳದಿದ್ದರೆ ನೀವು ಹತ್ತಿಯಾಗ್ತಿತ್ತು. ಹಿಮ್ಮಡಿಗೆ ಸ್ವಲ್ಪ ಉಜ್ಜಿ. ಯಾರಿಗೂ ಮೋಸ ಇಲ್ಲ."

ಅವರು ಸಿಟ್ಟಾಗಲಿಲ್ಲ. ಸೀಮೆಸುಣ್ಣವನ್ನು ನನ್ನ ಕೈಯಿಂದ ತೆಗೆದುಕೊಂಡು ತಮ್ಮ ಚೀಲಕ್ಕೆ ಹಾಕಿದರು. "ಲೆಕ್ಕ ತಪ್ಪಿದ ಮಕ್ಕಳಿಗೆ ನಾವು ಉತ್ತರ ಮಾತ್ರ ಅಳಿಸಿ ಬರೀಲಿಕ್ಕೆ ಹೇಳ್ತೇವಾ? ಇಲ್ಲವಲ್ಲ. ಮೊದಲಿಂದ ಮಾಡು ಅಂತ ಹೇಳ್ತೇವೆ," ಎಂದರು.

ಮರುದಿನ ನಾನು ಬಸ್ಸಿನಲ್ಲಿ ಇಳಿದೆ, ದಾರಿಯಲ್ಲಿ ನನ್ನ ಸೈಕಲನ್ನೂ ಬಸ್ಸಿನ ಮೇಲೆ ಹಾಕಿಸಿಕೊಂಡೆ. ಅವರು ಘಟ್ಟ ಇಳಿಯುವವರ ಪದ್ಧತಿಯಂತೆ ಮರದ ಸೊಪ್ಪಿರುವ ದಪ್ಪ ಗೆಲ್ಲೊಂದನ್ನು ಕ್ಯಾರಿಯರಿಗೆ ಕಟ್ಟಿ, ಅದು ನೆಲಕ್ಕೆ ಉಜ್ಜಿ ವೇಗ ತಡೆಯುವಂತೆ ಮಾಡಿ, ಧೂಳೆಬ್ಬಿಸುತ್ತ ಇಳಿದರು.

ಅವರು ಮೇಲೆ ಮುಟ್ಟಿದ್ದನ್ನು ಕಂಡ ಬಸ್ಸಿನವರು ಸುದ್ದಿ ಹಬ್ಬಿಸಿಬಿಟ್ಟಿದ್ದರು. ಶಾಲೆಯ ವಾರ್ಷಿಕೋತ್ಸವದಲ್ಲಿ ಹೆಡ್‌ಮಾಸ್ಟ್ರು ಯಾರನ್ನೂ ಕೇಳದೆ ಶಾಲು ತರಿಸಿ, ಕಾಲೂರದೆ ಚಾರ್ಮಾಡಿ ಹತ್ತಿದ ವೀರನೆಂದು ವೇದಿಕೆಯಿಂದ ಕರೆದರು. ಚಪ್ಪಾಳೆಯ ನಡುವೆ ಪಾಯಪ್ಪ ಮಾಸ್ಟ್ರು ಎದ್ದು ನಿಂತು, ತರಗತಿಯ ಗ್ರಾಂಥಿಕ ಕನ್ನಡದಲ್ಲಿ ಹೇಳಿದರು: "ಕ್ಷಮಿಸಬೇಕು. ಎರಡು ತಿರುವು ಬಾಕಿ ಇರುವಾಗ ನಾನು ಕಾಲು ಊರಿದ್ದೇನೆ. ಈ ಶಾಲು ನನ್ನದಲ್ಲ."

"ಎಂತಕ್ಕೆ ಊರಿದ್ದು ಮಾಸ್ಟ್ರೇ?" ಎಂದು ಹಿಂದಿನಿಂದ ಯಾರೋ ಕೂಗಿದರು.

"ಕಾರಣ ಲೆಕ್ಕಕ್ಕೆ ಬರುವುದಿಲ್ಲ," ಎಂದು ಕೂತುಬಿಟ್ಟರು.

ಕೆಲವರು ನಕ್ಕರು. ಕಾರಣ ಮೂರನೆಯ ಸಾಲಿನಲ್ಲಿ ಕೂತಿತ್ತು, ಕಾಲಿಗೆ ಇನ್ನೂ ಪಟ್ಟಿ ಕಟ್ಟಿಕೊಂಡಿತ್ತು. ಎದ್ದು ಒಂದು ಮಾತು ಹೇಳಲು ನನಗೆ ಬಾಯಿ ಬರಲಿಲ್ಲ. ಹೇಳಿದರೆ ಚೈನಿನ ಕಥೆಯನ್ನೂ ಹೇಳಬೇಕಾಗುತ್ತಿತ್ತು. ಆ ನಾಚಿಕೆ ನನ್ನನ್ನು ಬಹಳ ವರ್ಷ ಬಿಡಲಿಲ್ಲ.

ಮರುವರ್ಷ ನನಗೆ ಬಂಟ್ವಾಳಕ್ಕೆ ವರ್ಗವಾಯಿತು. ಮದುವೆ, ಮನೆ, ಮಕ್ಕಳು ಎಂದು ಸೈಕಲ್ ಮೂಲೆ ಸೇರಿತು. ಚೈನಿಗೆ ಮಾತ್ರ ಪ್ರತಿ ಶುಕ್ರವಾರ ಎಣ್ಣೆ ಬಿಡುತ್ತಿದ್ದೆ. ಮಾಸ್ಟ್ರು ಪ್ರತಿ ಡಿಸೆಂಬರಿನಲ್ಲಿ ಘಟ್ಟಕ್ಕೆ ಹೋಗುತ್ತಾರೆ, ಕಾಲು ಊರಿ ಬರುತ್ತಾರೆ ಎಂದು ಕೇಳುತ್ತಿದ್ದೆ. ವಯಸ್ಸು ಏರುತ್ತಿತ್ತು, ಘಟ್ಟ ಇದ್ದಲ್ಲೇ ಇತ್ತು.

ಅರವತ್ತರ ದಶಕದ ನಡುವಿನಲ್ಲಿ, ಅವರು ನಿವೃತ್ತರಾಗುವ ವರ್ಷ, ಡಿಸೆಂಬರಿನ ಒಂದು ಸಂಜೆ ನಮ್ಮ ಮನೆಯ ಮುಂದೆ ಸೈಕಲ್ ಬೆಲ್ಲು ಕೇಳಿಸಿತು. ಹೊರಗೆ ಬಂದು ನೋಡಿದರೆ ಪಾಯಪ್ಪ ಮಾಸ್ಟ್ರು! ತಲೆ ಪೂರ್ತಿ ಬೆಳ್ಳಗಾಗಿತ್ತು. ಕ್ಯಾರಿಯರಿನ ಹಿಂದೆ ಗೆಲ್ಲು ಕಟ್ಟಿದ್ದ ಹಗ್ಗದ ತುಂಡು ಇನ್ನೂ ನೇತಾಡುತ್ತಿತ್ತು. ಕಾಲಿನಲ್ಲಿ ಚಪ್ಪಲಿ ಇರಲಿಲ್ಲ.

"ಎಂತ ಮಾಸ್ಟ್ರೇ, ಬರಿಗಾಲಲ್ಲಿ?"

ಅವರು ಜಗಲಿಯಲ್ಲಿ ಕೂತು, ಚೀಲದಿಂದ ಹಳೆಯ ಪತ್ರಿಕೆಯ ಕಟ್ಟೊಂದನ್ನು ತೆಗೆದು ನನ್ನ ಮುಂದೆ ಬಿಚ್ಚಿದರು. ಒಳಗೆ ಆ ಟಯರಿನ ಚಪ್ಪಲಿಗಳು, ಅಡಿ ಮೇಲಾಗಿ. ಮುಂಭಾಗ ಸವೆದು ಕಪ್ಪಾಗಿತ್ತು. ಎರಡು ಹಿಮ್ಮಡಿಗಳೂ ಅಚ್ಚ ಬಿಳಿ.

"ನಿನ್ನೆ ಹತ್ತಿದೆ. ಮೆಟ್ಟಿದರೆ ಅಳಿಸಿ ಹೋಗ್ತದೆ ಅಂತ ಕಟ್ಟಿಕೊಂಡು ಬಂದೆ. ನೀವು ಒಮ್ಮೆ ನೋಡಿ ತಿದ್ದಿ ಭಟ್ರೇ. ಬೇರೆ ಯಾರಿಗೂ ತೋರಿಸಲಿಕ್ಕಿಲ್ಲ."

ಸೀಮೆಸುಣ್ಣ ಯಾವ ಶಾಲೆಯಲ್ಲಿಯೂ ಸಿಗುತ್ತದೆ, ಅದನ್ನು ನಮ್ಮ ಗೇಟಿನ ಹೊರಗೆ ನಿಂತೂ ಉಜ್ಜಬಹುದು. ಆದರೆ ಕೊಟ್ಟಿಗೆಹಾರದಲ್ಲಿ ನನ್ನ ಕೈಯಿಂದ ಅದನ್ನು ತೆಗೆದಿಟ್ಟವರು ಇವರು. ನನಗೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ.

"ಮಾಸ್ಟ್ರೇ, ಅವತ್ತು ನನ್ನ ಚೈನಿಗೆ ಎಣ್ಣೆ ಹಾಕಿರಲಿಲ್ಲ," ಎಂದೆ. ಹೇಳಲು ಅಷ್ಟು ವರ್ಷ ಬೇಕಾಯಿತು.

"ಗೊತ್ತುಂಟು ಮಾರಾಯ್ರೆ," ಎಂದು ನಕ್ಕರು. "ಬೇಗ ತಿದ್ದಿ. ಹೊತ್ತು ಮುಳುಗ್ತದೆ, ನನಗೆ ಊಟ ಆಗಬೇಕು."

ನಾನು ಕೆಂಪು ಪೆನ್ಸಿಲ್ ತಂದು, ಚಪ್ಪಲಿ ಸುತ್ತಿದ್ದ ಪತ್ರಿಕೆಯ ಅಂಚಿನಲ್ಲಿ ದೊಡ್ಡದಾಗಿ ಸರಿ ಗುರುತು ಹಾಕಿ, ನೂರಕ್ಕೆ ನೂರು ಎಂದು ಬರೆದು ಕೊಟ್ಟೆ. ಅದನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡರು. ನನ್ನ ಹೆಂಡತಿ ಅವಸರದಲ್ಲಿ ಬಡಿಸಿದ ಗಂಜಿ ಉಪ್ಪಿನಕಾಯಿಯನ್ನು ಬೆಳಕಿರುವಾಗಲೇ ಉಂಡು ಎದ್ದರು.

ಬೆಳಿಗ್ಗೆ ಹೊರಡುವಾಗ ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದರು. ಅದೇ ಕೊನೆಯ ಭೇಟಿ. ಮುಂದಿನ ಮಳೆಗಾಲದಲ್ಲಿ ಮೂಡುಬಿದಿರೆಯಲ್ಲಿ ಅವರು ತೀರಿಕೊಂಡರೆಂದು ಕಾಗದ ಬಂತು. ಅವರು ಹೊರಟ ಆ ಬೆಳಿಗ್ಗೆ ನಮ್ಮ ಮೆಟ್ಟಿಲ ಮೇಲೆ ಎರಡು ಬಿಳಿ ಹಿಮ್ಮಡಿಯ ಗುರುತು ಮೂಡಿತ್ತು. ಗುಡಿಸಲು ಬಂದ ಹೆಂಡತಿಯನ್ನು ತಡೆದು, "ಅದು ಚಾರ್ಮಾಡಿಯ ನೆಲ ಮುಟ್ಟದ ಹಿಮ್ಮಡಿ, ಇರಲಿ," ಎಂದೆ. ಆ ಗುರುತು ಅಳಿಸುವವರೆಗೆ ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸಿ, ಅವರು ಘಟ್ಟದಲ್ಲಿ ಕಾಲು ಊರಿದ್ದು ಯಾರಿಗಾಗಿ ಎಂದು ಚೈನಿನ ಸಮೇತ ಹೇಳಿದೆ.