ಲಾಟರಿಯವನಿಗೆ ಕಾಕಾ ಕೊಟ್ಟ ಉತ್ತರ

ಗೆಳೆಯರೇ, ಇವತ್ತು ನನ್ನ ತಲೆ ಕೆಟ್ಟು ಹೋಗಿದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ನಮ್ಮ ಕಾಕಾ ಬೆಳಿಗ್ಗೆಯೇ ಫೋನ್ ಮಾಡಿ, "ಲಗೂನ ಬಾ ಯವ್ವಾ, ಬ್ಯಾಡಾದ ಇಮೇಲ್ ರಾಶಿಗಟ್ಟಲೆ ಬರಾಕತ್ತಾವು" ಎಂದರು. ರಾಣೆಬೆನ್ನೂರಿನಿಂದ ಬಸ್ಸು ಹಿಡಿದು ಓಡಿದೆ.

ಅವರ ಮೊಬೈಲ್ ತೆರೆದರೆ, ಬಂದ ಕಸಕ್ಕೆಲ್ಲ ಕಾಕಾ ತಪ್ಪದೆ ಉತ್ತರ ಬರೆದಿದ್ದಾರೆ! ಲಾಟರಿ ಹೊಡೆದಿದೆ ಎಂದವನಿಗೆ, "ನಾ ಟಿಕೆಟ್ ತಗೊಂಡಿಲ್ರಿ. ಖರೇ ಮಾಲಕರನ್ನ ಹುಡುಕಿ ಕೊಡ್ರಿ." ಕೂದಲು ಬೆಳೆಸುವ ಎಣ್ಣೆಯವನಿಗೆ, "ಸದ್ಯ ಬ್ಯಾಡ್ರಿ. ಈ ಕಡೆ ಬಂದ್ರ ಚಾ ಕುಡದು ಹೋಗ್ರಿ."

"ಕಾಕಾ, ಉತ್ತರ ಕೊಟ್ರ ಇಲ್ಲೊಬ್ಬ ಮನುಷ್ಯಾ ಅದಾನ ಅಂತ ಅವ್ರಿಗೆ ಗೊತ್ತಾಗತೈತ್ರಿ. ಅದಕ್ಕ ಇನ್ನಷ್ಟು ಕಳಸ್ತಾರ."

"ನಾ ಅದೀನಲ್ಲ ಯವ್ವಾ! ಇಲ್ಲಂತ ಸುಳ್ಳು ಹೇಳ್ಲೇನು?"

ಹಲ್ಲು ಕಚ್ಚಿಕೊಂಡು ಒಂದೊಂದನ್ನೇ ಸ್ಪ್ಯಾಮ್‌ಗೆ ತಳ್ಳುತ್ತ ಹೋದೆ. ರಾಶಿಯ ಅಡಿಯಲ್ಲಿ ಪುಣೆಯ ಹಳೇ ಗಿರಾಕಿಯ ಮೇಲ್ ಸಿಕ್ಕಿತು. ಶುಕ್ರವಾರದೊಳಗೆ ಮೆಣಸಿನಕಾಯಿ ಸ್ಯಾಂಪಲ್ ಕಳಿಸದಿದ್ದರೆ ಬೇರೆಯವರಲ್ಲಿ ಕೊಳ್ಳುತ್ತಾರಂತೆ. ಇವತ್ತೇ ಶುಕ್ರವಾರ! ಕಾಕಾ ಅದನ್ನು ನಾಲ್ಕು ದಿನದ ಹಿಂದೆಯೇ ಓದಿದ್ದಾರೆ, ಉತ್ತರ ಮಾತ್ರ ಇಲ್ಲ.

"ಇದಕ್ಕ ಯಾಕ ಬರೀಲಿಲ್ರಿ?"

"ಅವ್ರು ನಮ್ಮವ್ರು, ಏನೂ ತಿಳ್ಕೊಳ್ಳೂದಿಲ್ಲ. ಗುರ್ತಿಲ್ಲದವ್ರು ತಪ್ಪು ತಿಳ್ಕೋತಾರ."

ಈಗ ಸ್ಯಾಂಪಲ್ ಚೀಲ ಹಿಡಿದು, ಸೀನುತ್ತ, ಕೊರಿಯರ್ ಅಂಗಡಿಯ ಸಾಲಿನಲ್ಲಿ ನಿಂತಿದ್ದೇನೆ. ಅಂಗಡಿಯವನು ಆಗಲೇ ಅರ್ಧ ಶಟರ್ ಎಳೆದಿದ್ದಾನೆ. ನಿಮಗೆ ಯಾರಿಗಾದರೂ ನಮ್ಮ ಕಾಕಾನ ಉತ್ತರ ಬೇಗ ಬೇಕಿದ್ದರೆ, ಲಾಟರಿ ಹೊಡೆದಿದೆ ಅಂತ ಬರೆಯಿರಿ.