ಬಿದ್ದವರನ್ನು ಎತ್ತುವ ಕೆಂಪಯ್ಯ

ಬೈರಾಪಟ್ಟಣದ ತಿರುವಿನಲ್ಲಿ ಯಾರೇ ಗಾಡಿಯಿಂದ ಬಿದ್ದರೂ ಮೊದಲು ಓಡಿ ಬರುವವನು ಕೆಂಪಯ್ಯ. ಎತ್ತಿ ಕೂರಿಸಿ, ನೀರು ಕುಡಿಸಿ, ಗಾಯಕ್ಕೆ ಅರಿಶಿನ ಮೆತ್ತುತ್ತಾನೆ. ಪೆಟ್ಟು ಜೋರಾಗಿದ್ದರೆ ಆಟೋ ನಿಲ್ಲಿಸಿ ಆಸ್ಪತ್ರೆಗೂ ಕರೆದುಕೊಂಡು ಹೋಗುತ್ತಾನೆ. ಅದಕ್ಕೇ ಊರಲ್ಲಿ ಅವನಿಗೆ ಒಳ್ಳೆಯ ಹೆಸರು. ಆ ಹೆಸರು ಅವನಿಗೇನೂ ಬೇಡವಾಗಿರಲಿಲ್ಲ ಅನ್ನಿ. ಯಾರಾದರೂ ಹೊಗಳಿದರೆ ಮೀಸೆ ಸವರಿಕೊಳ್ಳುತ್ತಾ ಪೂರ್ತಿ ಕೇಳಿಸಿಕೊಳ್ಳುತ್ತಿದ್ದ.

ಕಿತ್ತ ಹುರುಳಿ ಗಿಡವನ್ನು ಡಾಂಬರು ರಸ್ತೆಯ ಮೇಲೆ ಹರಡುವುದು ಈ ಕಡೆ ಮಾಮೂಲು. ಬಸ್ಸು ಲಾರಿ ಹರಿದರೆ ಕಾಳು ತಾನಾಗಿ ಉದುರುತ್ತದೆ, ಎತ್ತೂ ಬೇಕಿಲ್ಲ, ಆಳೂ ಬೇಕಿಲ್ಲ. ಕೆಂಪಯ್ಯ ಒಕ್ಕಣೆ ಮಾಡುತ್ತಿದ್ದ ಕಣದಲ್ಲಿ ಈಗ ಮಗ ನಟರಾಜು ಮನೆ ಕಟ್ಟಿದ್ದಾನೆ. ಹಾಗಾಗಿ ಅವನ ಹುರುಳಿಯೂ ಅದೇ ತಿರುವಿನಲ್ಲಿ.

ಅಂದು ಬೆಳಿಗ್ಗೆ ಬಿಡದಿಗೆ ಕೆಲಸಕ್ಕೆ ಹೊರಟಿದ್ದ ಮಾನ್ಯ ಎಂಬ ಹುಡುಗಿ ಸ್ಕೂಟರಿನಿಂದ ಜಾರಿ ಬಿದ್ದು ಮೊಣಕೈ ಮುರಿದುಕೊಂಡಳು. "ಒಸಿ ನಿಧಾನವಾಗಿ ಬರ್ಬಾರ್ದೇನವ್ವಾ" ಎಂದು ಗದರುತ್ತಲೇ ಕೆಂಪಯ್ಯ ಅವಳನ್ನು ಆಸ್ಪತ್ರೆಗೆ ಕರೆತಂದ. ಡಾಕ್ಟರ್ ಇಕ್ರಾ ಅವಳ ಕೈಗೆ ಪಟ್ಟಿ ಕಟ್ಟಿ, ಹೊರಗೆ ಬೆಂಚಿನ ಮೇಲಿದ್ದ ಅವನ ಪಕ್ಕ ಬಂದು ಕೂತರು. ಹೊಗಳುತ್ತಾರೆಂದು ಕೆಂಪಯ್ಯ ಟವೆಲ್ಲು ಸರಿಮಾಡಿಕೊಂಡ.

"ಯಜಮಾನ್ರೇ, ಹೋದ ವಾರವೂ ಒಬ್ರನ್ನ ಕರ್ಕೊಂಡು ಬಂದಿದ್ರಿ. ಯಾರು ಬಿದ್ರೂ ನೀವೇ ಅಲ್ಲಿರ್ತೀರಲ್ಲ, ಹೇಗೆ?"

"ನಮ್ ಹುರುಳಿ ಅಲ್ಲೇ ಹಾಕಿವ್ನಿ ಕಣ್ರವ್ವಾ. ಕಾಯ್ತಾ ಕೂತಿರ್ತೀನಿ."

ಹೇಳಿಯಾದ ಮೇಲೆ, ತಾನು ಹೇಳಿದ್ದೇನು ಎಂದು ಅವನಿಗೇ ದಿಗಿಲಾಯಿತು. ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು.

"ಆ ಕೈ ಮೊದಲಿನ ಹಾಗೆ ಮಡಚುತ್ತೋ ಇಲ್ವೋ ಹೇಳಕ್ಕಾಗಲ್ಲ," ಎಂದರು ಇಕ್ರಾ. "ಜನ ಬೀಳದ ಹಾಗೆ ನೋಡ್ಕೊಳ್ಳೋದೂ ನನ್ ಕೆಲ್ಸಾನೇ. ಊರಿಗೊಂದು ಕಣ ಮಾಡಿಕೊಡಿ ಅಂತ ಪಂಚಾಯ್ತಿಗೆ ನಾನೂ ಬಂದು ಕೇಳ್ತೀನಿ. ರಸ್ತೆ ಮಾತ್ರ ಇವತ್ತೇ ಬಿಟ್ಟುಬಿಡಿ."

ಕೆಂಪಯ್ಯನಿಗೆ ತಲೆ ಚಿಟ್ಟು ಹಿಡಿದುಹೋಯಿತು. ಡಾಕ್ಟರೆಂದರೆ ಸೂಜಿ, ಮಾತ್ರೆ; ಇವರಿಗೇಕೆ ಕಣದ ಉಸಾಬರಿ? ರಸ್ತೆ ಬಿಟ್ಟರೆ ಒಕ್ಕುವುದೆಲ್ಲಿ? ಊರೆಲ್ಲಾ ಹಾಕುವಾಗ ತಾನೊಬ್ಬನೇ ಕೆಟ್ಟವನೇ? ಹಾಗಾದರೆ ಇಷ್ಟು ದಿನ ಎತ್ತಿದ್ದು ಪುಣ್ಯವೋ ಪಾಪವೋ? ದಾರಿಯುದ್ದಕ್ಕೂ ಒದ್ದಾಡಿದ.

ತಿರುವಿಗೆ ಬಂದಾಗ ಹೆಂಡತಿ ಕಾವೇರಮ್ಮ ಹುರುಳಿ ಮಗುಚಿ ಹಾಕುತ್ತಿದ್ದಳು. ಮೋಡ ಕವಿದಿತ್ತು. ಇನ್ನು ನಾಲ್ಕಾರು ಬಸ್ಸು ಹರಿದರೆ ಕಾಳು ಮನೆ ಸೇರುತ್ತಿತ್ತು. ಈಗ ಎತ್ತಿಟ್ಟು ಮಳೆ ಬಂದರೆ ವರ್ಷದ ಕಾಳು ಮುಗ್ಗುಹಿಡಿಯುತ್ತದೆ. ಕೆಂಪಯ್ಯ ಒಂದು ತೆಕ್ಕೆ ಎತ್ತಿ ಬದಿಗೆ ಹಾಕಿದ. ಮತ್ತೆ ಅದನ್ನೇ ತಂದು ರಸ್ತೆಗೆ ಸುರಿದ.

"ಏನ್ ಬಂದೈತೆ ನಿಮ್ಗೆ?" ಎಂದಳು ಕಾವೇರಮ್ಮ.

"ನಂಗೇ ಗೊತ್ತಾಯ್ತಿಲ್ಲ ಕಣಮ್ಮಿ."

ಅಷ್ಟರಲ್ಲಿ ಬೈಕೊಂದು ಬಂತು, ಹಿಂದೆ ಮಗುವನ್ನು ಎತ್ತಿಕೊಂಡ ಹೆಂಗಸು. ಕೆಂಪಯ್ಯ ಎರಡೂ ಕೈ ಬೀಸುತ್ತಾ ನಡುರಸ್ತೆಗೆ ಓಡಿದ. ಬೈಕು ಹುರುಳಿಯ ಅಂಚಿಗೆ ಬಂದು ನಿಂತಿತು.

"ಇಳ್ದು ತಳ್ಕೊಂಡ್ ಹೋಗಪ್ಪ, ಜಾರ್ತೈತೆ."

ಹೆಂಗಸು ಮಗುವನ್ನು ಎದೆಗವುಚಿಕೊಂಡು ಇಳಿದಳು. ಬೈಕಿನವನು ಕೆಂಡವಾಗಿದ್ದ. "ಯಾವನ್ರೀ ಇದನ್ನ ಇಲ್ಲಿ ಹಾಕಿರೋನು?"

ಇಷ್ಟು ದಿನ ಬಿದ್ದವರೆಲ್ಲ ಕೆಂಪಯ್ಯನಿಗೆ ಕೈಮುಗಿದು ಹೋಗಿದ್ದರೇ ಹೊರತು ಒಬ್ಬರೂ ಇದನ್ನು ಕೇಳಿರಲಿಲ್ಲ. ಅವನು ಹೆಂಡತಿಯ ಮುಖ ನೋಡಿದ.

"ನಾನೇ ಕಣಪ್ಪ," ಎಂದು ಬಗ್ಗಿ, ಹುರುಳಿಯನ್ನು ರಸ್ತೆಯಿಂದ ಬಾಚತೊಡಗಿದ.